ತೆರೆಮರೆ ತೋರಿಸ್ತೀವಿ ಅಂತಾರಲ್ಲ, ಬಾಗಿಲು ತೆಗೆದೋರು ಯಾರು?

ನಡುರಾತ್ರಿ_ಪ್ರೇಕ್ಷಕ
ಹೋದ ವಾರ ಜ್ವರ ಹಿಡಿದು ಮಲಗಿದ್ದೆ. ಬೇರೆ ಕೆಲಸ ಇಲ್ಲ, ನಾಲ್ಕು ದಿನಕ್ಕೆ ಐದು ಡಾಕ್ಯುಮೆಂಟರಿ ನೋಡಿ ಮುಗಿಸಿದೆ. ಐದೂ ದೊಡ್ಡ ದೊಡ್ಡ ಗಾಯಕರ ಮೇಲೆ ಮಾಡಿದ್ದು. ಐದರ ಪೋಸ್ಟರಿನಲ್ಲೂ ‘ಯಾರೂ ಕಾಣದ ತೆರೆಮರೆ’ ಅನ್ನೋ ಧಾಟಿಯ ಮಾತು. ಮೂರನೆಯದಕ್ಕೆ ಬರೋ ಹೊತ್ತಿಗೆ ಮುಂದಿನ ಸೀನ್ ಯಾವುದು ಅಂತ ನಾನೇ ಹೇಳ್ತಿದ್ದೆ. ಮೇಕಪ್ ಇಲ್ಲದ ಮುಖ. ಕಾರಿನ ಹಿಂದಿನ ಸೀಟಲ್ಲಿ ಕೂತು ಕಿಟಕಿಯಾಚೆ ನೋಡೋದು. ಅಮ್ಮನಿಗೆ ಫೋನು. ಡಾಕ್ಟರು ಗಂಟಲಿಗೆ ಟಾರ್ಚ್ ಬಿಡೋದು. ಆಮೇಲೆ ಕತ್ತಲ ಓಣಿಯಲ್ಲಿ ವೇದಿಕೆ ಕಡೆ ನಡೆಯೋ ಬೆನ್ನು, ಎದುರಿಗೆ ಬೆಳಕು, ಜನರ ಗದ್ದಲ.

ಆ ಬೆನ್ನಿನ ಶಾಟ್ ಐದರಲ್ಲೂ ಇದೆ ಮಾರಾಯ್ರೇ.

ನನ್ನ ಅನುಮಾನ ಏನಂದ್ರೆ, ಇದು ತೆರೆಮರೆಯೇ ಅಲ್ಲ. ಮುಂದಿನ ವೇದಿಕೆಯ ಹಿಂದೆ ಇನ್ನೊಂದು ವೇದಿಕೆ ಕಟ್ಟಿ, ಅದಕ್ಕೆ ಮಂದ ಬೆಳಕು ಬಿಟ್ಟಿದ್ದಾರೆ ಅಷ್ಟೆ. ನಿಜವಾಗಿ ಒಳಗೆ ಬಿಟ್ಟುಕೊಂಡ ಚಿತ್ರ ಯಾವುದು, ಬಿಟ್ಟುಕೊಂಡ ಹಾಗೆ ನಟಿಸಿದ್ದು ಯಾವುದು ಅಂತ ನೋಡೋರು ಹೇಗೆ ಕಂಡುಹಿಡೀಬೇಕು?

ಮೌನಿ77
ಕೊನೆಗೆ ಹೆಸರುಗಳು ಓಡ್ತವಲ್ಲ, ಅದನ್ನು ಓದಿ. ಚಿತ್ರ ಯಾರ ಬಗ್ಗೆಯೋ ಅವರೇ ನಿರ್ಮಾಪಕರಾಗಿದ್ರೆ ಅದು ಮದುವೆ ವಿಡಿಯೋ.

ಹಳೇರೀಲು
ಬೆನ್ನಿನ ಶಾಟಿನ ಮೇಲೆ ಸಿಟ್ಟಾಗಬೇಡಿ, ಅದಕ್ಕೆ ಮರ್ಯಾದಸ್ಥ ವಂಶಾವಳಿ ಇದೆ. 1960ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಜಾನ್ ಕೆನಡಿ ಮತ್ತು ಹ್ಯೂಬರ್ಟ್ ಹಂಫ್ರಿ ನಡುವೆ ಅಧ್ಯಕ್ಷ ಅಭ್ಯರ್ಥಿ ಆಗೋಕೆ ಪಕ್ಷದೊಳಗಿನ ಸ್ಪರ್ಧೆ. ರಾಬರ್ಟ್ ಡ್ರೂ ಅವರ ತಂಡ ಆಗ ‘ಪ್ರೈಮರಿ’ ಚಿತ್ರ ತೆಗೆಯಿತು. ಕಿಕ್ಕಿರಿದ ಸಭಾಂಗಣದೊಳಗೆ ಕೆನಡಿ ನುಗ್ಗಿಕೊಂಡು ಹೋಗ್ತಾರೆ, ಆಲ್ಬರ್ಟ್ ಮೇಸಲ್ಸ್ ಕ್ಯಾಮೆರಾವನ್ನು ತಲೆ ಮೇಲೆ ಎತ್ತಿ ಹಿಡಿದು ಬೆನ್ನ ಹಿಂದೇನೇ ನಡೀತಾರೆ. ಕೈ ಚಾಚೋ ಜನ, ಪಕ್ಕಕ್ಕೆ ಸರಿಯೋ ಮುಖಗಳು, ಕೊನೆಗೆ ವೇದಿಕೆಯ ಮೆಟ್ಟಿಲು. ನೀವು ನೋಡಿದ ಐದೂ ಶಾಟುಗಳ ಅಜ್ಜ ಅದು.

ಅದಕ್ಕೂ ಮುಂಚೆ ಮಾತಿನ ಸಮೇತ ಹಾಗೆ ತೆಗೆಯೋದು ಆಗ್ತಿರಲಿಲ್ಲ. ಕ್ಯಾಮೆರಾ ಸ್ಟ್ಯಾಂಡಿನ ಮೇಲೆ ಕೂತಿರಬೇಕು, ಧ್ವನಿಯ ಪೆಟ್ಟಿಗೆ ಬೇರೆ, ಅದನ್ನು ಹೊರೋಕೆ ಆಳು ಬೇರೆ. ಹೆಗಲ ಮೇಲೆ ಕೂರೋ 16 ಎಂಎಂ ಕ್ಯಾಮೆರಾ, ಕೈಯಲ್ಲಿ ಹಿಡಿಯೋ ರೆಕಾರ್ಡರ್ ಬಂದ ಮೇಲೆ ತಾನೆ ಹೋಟೆಲ್ ರೂಮಿಗೆ, ಕಾರಿನೊಳಗೆ ನುಗ್ಗೋಕೆ ಆಗಿದ್ದು! ಈ ತೆರೆಮರೆ ಅನ್ನೋ ವ್ಯಾಪಾರ ಶುರುವಾಗಿದ್ದೇ ಯಂತ್ರದ ತೂಕ ಇಳಿದಾಗ.

ಆದ್ರೆ ಆ ಚಿತ್ರದಲ್ಲಿ ನನ್ನ ಮನಸ್ಸಲ್ಲಿ ಉಳಿದಿರೋದು ಬೇರೆ ಶಾಟ್. ಕೆನಡಿಯವರ ಹೆಂಡತಿ ಜಾಕ್ವೆಲಿನ್ ಜನರೆದುರು ನಿಂತು ಮಾತಾಡ್ತಿದ್ದಾರೆ. ಕ್ಯಾಮೆರಾ ಹಿಂದೆ ಹೋಗಿ ಅವರ ಕೈ ತೋರಿಸುತ್ತೆ. ಬಿಳಿ ಗ್ಲೌಸ್ ಹಾಕಿದ ಬೆರಳುಗಳು ಬೆನ್ನ ಹಿಂದೆ ಒಂದನ್ನೊಂದು ಹೊಸಕಿಕೊಳ್ತಾ ಇವೆ. ಮುಂದೆ ಕೂತ ಜನಕ್ಕೆ ಮುಖ ಕಂಡಿದೆ, ಕೈ ಕಂಡಿಲ್ಲ. ತೆರೆಮರೆ ಅಂದ್ರೆ ನನಗೆ ಅದು. ಬೇರೆ ರೂಮೇ ಬೇಕಿಲ್ಲ, ಅದೇ ಮನುಷ್ಯರ ಆಚೆ ಬದಿ ಸಾಕು.

ಕತ್ತರಿಕೈ
ನಾನು ಎಡಿಟಿಂಗ್ ಕೆಲಸದವನು. ಮೌನಿ ಹೇಳಿದ್ದು ಅರ್ಧ ಸರಿ. ನಿರ್ಮಾಪಕರ ಹೆಸರಿಗಿಂತ ಮುಖ್ಯವಾದ್ದು ಫೈನಲ್ ಕಟ್, ಅಂದ್ರೆ ಏನು ಇರಬೇಕು ಏನು ಹೋಗಬೇಕು ಅನ್ನೋ ಕೊನೇ ಮಾತು, ಯಾರ ಕೈಲಿದೆ ಅನ್ನೋದು, ಅದು ಟೈಟಲಿನಲ್ಲಿ ಬರಲ್ಲ. ಬಾಗಿಲು ತೆಗೆದವರೇ ಕತ್ತರಿಯನ್ನೂ ಹಿಡಿದಿದ್ರೆ ನೀವು ಏನು ನೋಡ್ತೀರೋ ಅದು ಅವರು ತೋರಿಸಿದ್ದು.

ನಾನೇ ಒಬ್ಬ ಆಟಗಾರನ ಸರಣಿಗೆ ಕೆಲಸ ಮಾಡಿದ್ದೆ, ಹೆಸರು ಬೇಡ. ರಫ್ ಕಟ್ (ಮೊದಲ ಕಚ್ಚಾ ಜೋಡಣೆ) ಕಳಿಸಿದ ಮೂರನೇ ದಿನ ಅವರ ಕಡೆಯಿಂದ ಪಟ್ಟಿ ಬಂತು, ಎಷ್ಟನೇ ನಿಮಿಷ ಎಷ್ಟನೇ ಸೆಕೆಂಡ್ ಅನ್ನೋ ಟೈಮ್‌ಕೋಡ್ ಸಮೇತ 41 ತಿದ್ದುಪಡಿ. ಅದರಲ್ಲಿ ಒಂದು, ಬೂಟು ತಂದುಕೊಡೋ ಹುಡುಗನಿಗೆ ಅವರು ಗದರಿದ 9 ಸೆಕೆಂಡ್ ತೆಗೀಬೇಕು ಅಂತ. ತೆಗೆದೆವು. ಆ ಮನುಷ್ಯ ಇದ್ದಿದ್ದೇ ಆ 9 ಸೆಕೆಂಡಲ್ಲಿ. ಈಗ ಚಿತ್ರ ನೋಡಿದ್ರೆ ಮುಂದಿನ ಶಾಟಲ್ಲಿ ಮೂಲೆಯಲ್ಲಿ ನಿಂತ ಹುಡುಗನ ಕಣ್ಣು ಕೆಂಪಗಿರುತ್ತೆ, ಯಾಕೆ ಅಂತ ಯಾರಿಗೂ ಗೊತ್ತಾಗಲ್ಲ. ಅದೇ ಪಟ್ಟಿಯ 33ನೇ ಅಂಶ ಇನ್ನೂ ಚೆನ್ನಾಗಿದೆ: ಅವರು ಅಳೋ ದೃಶ್ಯ 4 ಸೆಕೆಂಡ್ ಜಾಸ್ತಿ ಇರಲಿ!

ನಡುರಾತ್ರಿ_ಪ್ರೇಕ್ಷಕ
33ನೇ ಅಂಶ ಓದಿ ಕೆಮ್ಮು ವಾಪಸ್ ಬಂತು.

ಎರಡನೇ_ಲ್ಯಾಪ್
ಆಟದ ಮಾತು ಬಂತು ಅಂತ ಬಂದೆ. ‘ದ ಲಾಸ್ಟ್ ಡಾನ್ಸ್’ ಗೊತ್ತಲ್ಲ, 2020ರಲ್ಲಿ ಬಂದ ಹತ್ತು ಕಂತಿನ ಸರಣಿ. 1997-98ರ ಋತುವಿನಲ್ಲಿ ಶಿಕಾಗೊ ಬುಲ್ಸ್ ಬ್ಯಾಸ್ಕೆಟ್‌ಬಾಲ್ ತಂಡದ ಜೊತೆ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಕ್ಯಾಮೆರಾದವರು ವರ್ಷಪೂರ್ತಿ ಓಡಾಡಿದ್ದರು. ಒಪ್ಪಂದ ಏನಂದ್ರೆ ತಂಡದ ತಾರೆ ಮೈಕಲ್ ಜೋರ್ಡನ್ ಹೂಂ ಅನ್ನದೆ ಆ ಫೂಟೇಜ್ ಮುಟ್ಟೋ ಹಾಗಿಲ್ಲ. ಹೂಂ ಅನ್ನೋಕೆ ಅವರು ಸುಮಾರು ಇಪ್ಪತ್ತು ವರ್ಷ ತಗೊಂಡರು. ನಿರ್ಮಾಣದಲ್ಲಿ ಅವರದೇ ಕಂಪನಿಯೂ ಕೈ ಜೋಡಿಸಿತ್ತು. ಡಾಕ್ಯುಮೆಂಟರಿ ಲೋಕದ ಹಿರಿಯ ಕೆನ್ ಬರ್ನ್ಸ್ ಇದನ್ನು ಬಹಿರಂಗವಾಗಿಯೇ ಟೀಕಿಸಿದರು. ಜೊತೆ ಆಡಿದ ಸ್ಕಾಟಿ ಪಿಪ್ಪನ್ನಂತೂ ನಮ್ಮನ್ನೆಲ್ಲ ಜೋರ್ಡನ್ ಪಕ್ಕದ ಅಲಂಕಾರದ ಸಾಮಾನು ಮಾಡಿದರು ಅನ್ನೋ ಅರ್ಥದಲ್ಲಿ ಪುಸ್ತಕದಲ್ಲೇ ಸಿಟ್ಟು ತೀರಿಸಿಕೊಂಡರು.

ಅಷ್ಟಾದರೂ ನಾನು ಎರಡು ಸಲ ನೋಡಿದೀನಿ, ಮೂರನೇ ಸಲವೂ ನೋಡ್ತೀನಿ. ಅಭ್ಯಾಸದ ವೇಳೆ ಜೊತೆಗಾರರನ್ನು ಹೇಗೆ ಗೋಳು ಹುಯ್ಕೊಳ್ತಿದ್ದೆ ಅಂತ ಹೇಳ್ತಾ ಅವರ ಕಣ್ಣು ಒದ್ದೆಯಾಗುತ್ತೆ ನೋಡಿ, ಆಮೇಲೆ ‘ಬ್ರೇಕ್’ ಅಂತ ಎದ್ದುಬಿಡ್ತಾರೆ. ಹಕ್ಕೆಲ್ಲ ತನ್ನ ಕೈಲಿ ಇಟ್ಕೊಂಡವನೂ ಎಲ್ಲೋ ಒಂದು ಕಡೆ ತನಗೇ ಗೊತ್ತಿಲ್ಲದೆ ಸಿಕ್ಕಿಬೀಳ್ತಾನೆ.

ಇನ್ನೊಂದು ಮಜಾ ಕೇಳಿ. ಫಾರ್ಮುಲಾ ಒನ್ ರೇಸಿನ ‘ಡ್ರೈವ್ ಟು ಸರ್ವೈವ್’ ಮೊದಲ ಸೀಸನ್ನಿಗೆ ಮರ್ಸಿಡಿಸ್, ಫೆರಾರಿ ಎರಡೂ ಬಾಗಿಲು ಹಾಕಿಕೊಂಡವು. ಗೆಲ್ಲೋರೇ ಇಲ್ಲದ ಮೇಲೆ ಏನು ತೋರಿಸ್ತಾರೆ? ನಡು ಸಾಲಿನ ಹಾಸ್ ತಂಡದ ಆಗಿನ ಮುಖ್ಯಸ್ಥ ಗುಂಟರ್ ಸ್ಟೈನರ್ ಬಾಯಿಗೆ ಬಂದ ಹಾಗೆ ಬೈಯೋದನ್ನು ತೋರಿಸಿದರು. ಮನುಷ್ಯ ಜಗತ್ಪ್ರಸಿದ್ಧನಾದ! ಮರುವರ್ಷ ಆ ಎರಡೂ ದೊಡ್ಡ ತಂಡಗಳು ತಾವೇ ಬಾಗಿಲು ತೆಗೆದವು. ಕೊನೆಗೆ ಹುಸಿ ಜಗಳ ಹುಟ್ಟಿಸ್ತಾರೆ ಅಂತ ರೇಸರ್ ಮ್ಯಾಕ್ಸ್ ವರ್ಸ್ಟಾಪನ್ 2021ರ ಋತುವಿಗೆ ಸಂದರ್ಶನವನ್ನೇ ಕೊಡಲಿಲ್ಲ.

ಹಳೇರೀಲು
ಮುಚ್ಚಿದ ಬಾಗಿಲಿಂದಲೇ ಚಿತ್ರ ಹುಟ್ಟೋದು ಹಳೇ ಕಥೆ. 1992ರಲ್ಲಿ ಬಿಲ್ ಕ್ಲಿಂಟನ್ ಚುನಾವಣೆಯ ಚಿತ್ರ ಮಾಡೋಕೆ ಹೋದ ನಿರ್ದೇಶಕರು ಪೆನ್ನೆಬೇಕರ್ ಮತ್ತು ಕ್ರಿಸ್ ಹೆಗೆಡಸ್‌ಗೆ ಅಭ್ಯರ್ಥಿಯ ಹತ್ತಿರಕ್ಕೆ ಹೆಚ್ಚು ಬಿಡಲಿಲ್ಲ. ಪ್ರಚಾರ ನಡೆಸೋ ರೂಮಿಗೆ ಮಾತ್ರ ಅನುಮತಿ. ಅಲ್ಲೇ ಕೂತರು. ಪ್ರಚಾರದ ತಂತ್ರ ಹೂಡುತ್ತಿದ್ದ ಜೇಮ್ಸ್ ಕಾರ್ವಿಲ್, ಜಾರ್ಜ್ ಸ್ಟೆಫನೊಪೊಲಸ್ ಇಬ್ಬರೇ ನಾಯಕರಾದ ‘ದ ವಾರ್ ರೂಮ್’ ಬಂತು. ಕ್ಲಿಂಟನ್ ಸಿಕ್ಕಿದ್ರೆ ಅದು ಅಷ್ಟು ಚೆನ್ನಾಗಿ ಬರ್ತಿರಲಿಲ್ಲ ಅಂತ ನನ್ನ ಲೆಕ್ಕ. ದೇವರ ದರ್ಶನ ಆಗದೆ ಅರ್ಚಕರ ಜಗಳ ನೋಡಿ ಬಂದ ಹಾಗೆ.

ಬೂಮ್‌ಕೋಲು
ಎಲ್ಲರೂ ಕ್ಯಾಮೆರಾ ಕ್ಯಾಮೆರಾ ಅಂತೀರಿ. ಸ್ವಾಮಿ, ತೆರೆಮರೆ ಸಿಗೋದು ಧ್ವನಿಯಲ್ಲಿ. ನಾನು ಸೌಂಡ್ ರೆಕಾರ್ಡಿಸ್ಟ್.

ಕಾಲರ್ ಮೈಕ್ ಹಾಕಿ ಇಪ್ಪತ್ತು ನಿಮಿಷ ಆದ್ಮೇಲೆ ಯಾರಿಗೂ ಅದರ ನೆನಪಿರಲ್ಲ. ಕ್ಯಾಮೆರಾ ಕಂಡ್ರೆ ಬೆನ್ನು ನೆಟ್ಟಗಾಗುತ್ತೆ, ಮೈಕಿಗೆ ಹಾಗಾಗಲ್ಲ. ನಾನು ಎರಡು ರೂಮಿನಾಚೆ ಹೆಡ್‌ಫೋನ್ ಹಾಕ್ಕೊಂಡು ಕೂತಿರ್ತೀನಿ, ಆ ಕಡೆಯಿಂದ ಪಿಸುಮಾತು ಬರುತ್ತೆ, ‘ಹೋದ್ರಾ ಅವ್ರು?’ ಅಂತ. ಇನ್ನೂ ಇಲ್ಲೇ ಇದೀವಿ ಅಂತ ಹೋಗಿ ಹೇಳ್ಬೇಕೋ ಬೇಡ್ವೋ? ಪ್ರತಿ ಸಲ ಗಂಟಲಿಗೆ ಬರೋ ಪ್ರಶ್ನೆ ಇದು. ಯಾರಾದ್ರೂ ಬಚ್ಚಲಿಗೆ ಹೋದ್ರೆ ಧ್ವನಿಯ ಗುಂಡಿ (ಫೇಡರ್) ಇಳಿಸ್ತೀನಿ, ಹೆಡ್‌ಫೋನ್ ಕುತ್ತಿಗೆಗೆ ಹಾಕ್ಕೋತೀನಿ. ಅದು ನನ್ನ ನೇಮ, ಯಾರೂ ಹೇಳಿಕೊಟ್ಟಿದ್ದಲ್ಲ.

2015ರ ‘ದ ಜಿಂಕ್ಸ್’ ನೆನಪಿಸಿಕೊಳ್ಳಿ. ಕೊಲೆ ಆರೋಪ ಹೊತ್ತ ರಾಬರ್ಟ್ ಡರ್ಸ್ಟ್ ಸಂದರ್ಶನ ಮುಗಿಸಿ ಮೈಕ್ ಬಿಚ್ಚದೆ ಬಚ್ಚಲಿಗೆ ಹೋಗಿ ತನ್ನಷ್ಟಕ್ಕೆ ಗೊಣಗಿದ್ದು ರೆಕಾರ್ಡ್ ಆಗಿತ್ತು. ಸರಣಿ ಮುಗಿಯೋದೇ ಆ ಗೊಣಗಾಟದಿಂದ. ನೋಡಿದೋರಿಗೆಲ್ಲ ಮೈ ಜುಂ ಅಂದಿತ್ತು. ನಾಲ್ಕು ವರ್ಷದ ನಂತರ ಕೋರ್ಟಿನ ದಾಖಲೆಯಲ್ಲಿ ಪೂರ್ತಿ ಮಾತು ಬಂದಾಗ ಗೊತ್ತಾಯ್ತು, ಒಂದರ ಹಿಂದೆ ಒಂದು ಬಂದ ಹಾಗೆ ಕೇಳಿಸಿದ ಆ ಎರಡು ವಾಕ್ಯ ಅಸಲಿಗೆ ಬೇರೆ ಬೇರೆ ಕಡೆ ಇದ್ದವು, ಕ್ರಮವೂ ಅದಲ್ಲ. ಡರ್ಸ್ಟ್‌ಗೆ 2021ರಲ್ಲಿ ಒಂದು ಕೊಲೆಯಲ್ಲಿ ಶಿಕ್ಷೆ ಆಯ್ತು, ಅದು ಬೇರೆ ಮಾತು. ಬಚ್ಚಲಿನ ಮಾತನ್ನೂ ಎಡಿಟ್ ಮಾಡಿದ್ರಲ್ಲ, ಅದಕ್ಕೆ ನನ್ನ ತಕರಾರು.

ಕತ್ತರಿಕೈ
@ಬೂಮ್‌ಕೋಲು ಮಾತು ಹಿಂದೆ ಮುಂದೆ ಮಾಡದೆ ಯಾವ ಚಿತ್ರವೂ ಆಗಲ್ಲ ಗುರುಗಳೇ. 200 ಗಂಟೆಯನ್ನು 90 ನಿಮಿಷಕ್ಕೆ ಇಳಿಸೋದು ಹೇಗೆ ಮತ್ತೆ? ಇಂಗ್ಲೆಂಡಿನ ಹಾಡುಗಾರರ ತಂಡ ಬೀಟಲ್ಸ್ ತಗೊಳ್ಳಿ. 1969ರ ಜನವರಿಯಲ್ಲಿ ನಿರ್ದೇಶಕ ಮೈಕಲ್ ಲಿಂಡ್ಸೆ-ಹಾಗ್ ಸುಮಾರು 60 ಗಂಟೆ ಚಿತ್ರ, 150 ಗಂಟೆ ಧ್ವನಿ ಹಿಡಿದರು. ಮುಂದಿನ ವರ್ಷ ಅದರಿಂದ ಬಂದ ‘ಲೆಟ್ ಇಟ್ ಬಿ’ ಸುಮಾರು 80 ನಿಮಿಷದ್ದು. ನೋಡಿದೋರೆಲ್ಲ ಅಯ್ಯೋ ಪಾಪ ಒಡೆದುಹೋದ ಮನೆ ಅಂದ್ರು. 2021ರಲ್ಲಿ ಅದೇ ಡಬ್ಬಗಳಿಂದ ಪೀಟರ್ ಜಾಕ್ಸನ್ ಎಂಟು ಗಂಟೆ ಹತ್ತಿರದ ‘ಗೆಟ್ ಬ್ಯಾಕ್’ ತೆಗೆದರು. ನೋಡಿದೋರೆಲ್ಲ ಎಷ್ಟು ನಗ್ತಾರೆ ನೋಡ್ರಿ ಅಂದ್ರು. ಅದೇ ತಿಂಗಳು, ಅದೇ ನಾಲ್ಕು ಜನ. ಯಾವುದು ಸುಳ್ಳು? ಎರಡೂ ಅಲ್ಲ.

ಮೌನಿ77
ಎರಡನೆಯದರ ನಿರ್ಮಾಪಕರ ಪಟ್ಟಿಯಲ್ಲಿ ತಂಡದವರೇ ಆದ ಮೆಕಾರ್ಟ್ನಿ, ರಿಂಗೊ, ಜೊತೆಗೆ ತೀರಿಹೋದ ಇಬ್ಬರ ಹೆಂಡತಿಯರು ಯೋಕೊ ಓನೊ, ಒಲಿವಿಯಾ ಹ್ಯಾರಿಸನ್. ಮದುವೆ ವಿಡಿಯೋ ಅಂದೆನಲ್ಲ.

ಬೂಮ್‌ಕೋಲು
ಬೀಟಲ್ಸ್ ಎತ್ತಿದ್ದು ಒಳ್ಳೇದಾಯ್ತು. ಕ್ಯಾಮೆರಾದೋರು ಕೇಳಿಸಿಕೊಳ್ಳಬಾರದು ಅಂತ ಅವರು ಆಂಪ್ಲಿಫೈಯರ್ ಜೋರು ಮಾಡಿ, ಗಿಟಾರಿನ ತಂತಿ ಸುಮ್ಮನೆ ಮೀಟ್ತಾ ಖಾಸಗಿ ಮಾತು ಆಡ್ಕೊಳ್ತಿದ್ದರು. ಐವತ್ತು ವರ್ಷ ಆ ಟೇಪುಗಳಲ್ಲಿ ಬರೀ ಗಿಟಾರಿನ ಗಲಾಟೆ. ಜಾಕ್ಸನ್ ತಂಡ ಕಂಪ್ಯೂಟರಿಗೆ ಕಲಿಸಿ ಗಿಟಾರನ್ನು ಬೇರೆ, ಮಾತನ್ನು ಬೇರೆ ಮಾಡಿತು. ಕೆಳಗೆ ಅಡಗಿದ್ದ ಮಾತು ಎದ್ದು ಬಂತು.

ತಾಂತ್ರಿಕವಾಗಿ ನಾನು ಎದ್ದು ನಿಂತು ಚಪ್ಪಾಳೆ ಹೊಡೆದೆ. ಆಮೇಲೆ ರಾತ್ರಿ ಮಲಗಿದಾಗ ಅನಿಸ್ತು, ಅವರು ಬಾಗಿಲು ಹಾಕಿಕೊಂಡಿದ್ರಲ್ವಾ? ಗಿಟಾರೇ ಅವರ ಬಾಗಿಲಾಗಿತ್ತು. ಅದೇ ಚಿತ್ರದಲ್ಲಿ ಜಾರ್ಜ್ ಹ್ಯಾರಿಸನ್ ತಂಡ ಬಿಟ್ಟು ಎದ್ದುಹೋದ ಮೇಲೆ ಲೆನನ್, ಮೆಕಾರ್ಟ್ನಿ ಊಟದ ಮೇಜಲ್ಲಿ ಆಡಿದ ಮಾತಿದೆ. ಹೂಕುಂಡದಲ್ಲಿ ಬಚ್ಚಿಟ್ಟ ಮೈಕು. ತೆರೆ ಮೇಲೆ ಅವರು ಮಾತಾಡೋ ದೃಶ್ಯ ಇಲ್ಲ, ಧ್ವನಿ ಜೊತೆ ಅಕ್ಷರ ಮಾತ್ರ. ನನ್ನ ಮಟ್ಟಿಗೆ ಎಂಟು ಗಂಟೆಯಲ್ಲಿ ಅತಿ ಬೆಲೆಬಾಳೋ ನಿಮಿಷಗಳು ಅವೇ. ನಾಚಿಕೆಯೂ ಆಗುತ್ತೆ.

ನಡುರಾತ್ರಿ_ಪ್ರೇಕ್ಷಕ
ಹಾಗಾದ್ರೆ ನಾನು ಕೇಳಿದ ಪ್ರಶ್ನೆ ತಲೆಕೆಳಗಾಯ್ತಲ್ಲ! ಅವರು ತೋರಿಸಬೇಕು ಅಂದ್ಕೊಂಡಿದ್ದು ನಾಟಕ, ಬಚ್ಚಿಟ್ಟಿದ್ದನ್ನು ನೋಡಿದ್ರೆ ಕಳ್ಳತನ. ನಡುವೆ ಏನಾದ್ರೂ ಇದೆಯಾ?

ಹಳೇರೀಲು
ಇದೆ. ಹೊತ್ತು ಕಳೆಯೋದು. ಚಿಕಾಗೋದ ಇಬ್ಬರು ಬ್ಯಾಸ್ಕೆಟ್‌ಬಾಲ್ ಹುಡುಗರ ಹಿಂದೆ ಸ್ಟೀವ್ ಜೇಮ್ಸ್ ಮತ್ತು ಸಂಗಡಿಗರು ಸುಮಾರು ಐದು ವರ್ಷ ಓಡಾಡಿದರು, 1994ರ ‘ಹೂಪ್ ಡ್ರೀಮ್ಸ್’ ಅದರ ಫಲ. ಒಂದು ಹಂತದಲ್ಲಿ ಒಬ್ಬ ಹುಡುಗನ ಮನೆಯ ಕರೆಂಟೇ ಕಟ್. ಕ್ಯಾಮೆರಾದವರು ಅದನ್ನು ಚಿತ್ರೀಕರಿಸಿಯೂ ಇದ್ದಾರೆ, ಆಮೇಲೆ ಕರೆಂಟು ವಾಪಸ್ ಬರೋಕೆ ದುಡ್ಡೂ ಕೊಟ್ಟಿದ್ದಾರೆ. ಚಿತ್ರದಿಂದ ಬಂದ ಹಣದಲ್ಲಿ ಪಾಲನ್ನೂ ಹಂಚಿದರು. ನಿಯಮದ ಪುಸ್ತಕ ಹಿಡಿದೋರು ಇದನ್ನು ತಪ್ಪು ಅನ್ನಬಹುದು. ಐದು ವರ್ಷ ಒಂದು ಮನೆಗೆ ಹೋಗಿ ಬಂದು, ಕತ್ತಲಲ್ಲಿ ಕೂತೋರನ್ನು ಶೂಟ್ ಮಾಡಿ ಎದ್ದು ಬಂದಿದ್ರೆ ನಾನಂತೂ ಆ ಚಿತ್ರ ನೋಡ್ತಿರಲಿಲ್ಲ.

ನಮ್ಮ ದೇಶದ್ದೇ ಬೇಕಾದ್ರೆ ಖುಷ್ಬೂ ರಾಂಕಾ, ವಿನಯ್ ಶುಕ್ಲಾ ಮಾಡಿದ ‘ಆ್ಯನ್ ಇನ್‌ಸಿಗ್ನಿಫಿಕೆಂಟ್ ಮ್ಯಾನ್’ ನೋಡಿ. ಆಮ್ ಆದ್ಮಿ ಪಕ್ಷ ಹುಟ್ಟಿ 2013ರ ದೆಹಲಿ ಚುನಾವಣೆ ಎದುರಿಸೋವರೆಗೆ ಒಳಗೇ ಕೂತು ತೆಗೆದದ್ದು. ಟಿಕೆಟ್ ಹಂಚಿಕೆಯ ಸಭೆಯಲ್ಲಿ ಕಾರ್ಯಕರ್ತರು ನಾಯಕರ ಮೇಲೆ ಎಗರಾಡೋದೂ ಇದೆ. ಬಿಡುಗಡೆ ಹೊತ್ತಿಗೆ ಸೆನ್ಸಾರ್ ಮಂಡಳಿ ಪ್ರಧಾನಿ, ಶೀಲಾ ದೀಕ್ಷಿತ್, ಕೇಜ್ರಿವಾಲ್ ಮೂವರಿಂದಲೂ ಆಕ್ಷೇಪ ಇಲ್ಲ ಅನ್ನೋ ಪತ್ರ ತನ್ನಿ ಅಂತು. ಮೇಲ್ಮನವಿ ನ್ಯಾಯಮಂಡಳಿ ದಾರಿ ಬಿಟ್ಟುಕೊಟ್ಟ ಮೇಲೆ 2017ರ ನವೆಂಬರ್‌ನಲ್ಲಿ ತೆರೆಗೆ ಬಂತು. ಒಳಗಿನವರು ಬಾಗಿಲು ತೆಗೆದರೂ ಹೊರಗೆ ಇನ್ನೊಂದು ಬಾಗಿಲು ಇರುತ್ತೆ ನೋಡಿ.

ಎರಡನೇ_ಲ್ಯಾಪ್
ತೆರೆಮರೆ ಅಂದ್ರೆ ಜಗಳ, ಕಣ್ಣೀರು ಅಂತಲೇ ಯಾಕೆ? ಫೈಜಾ ಅಹ್ಮದ್ ಖಾನ್ ಅವರ ‘ಸೂಪರ್‌ಮೆನ್ ಆಫ್ ಮಾಲೆಗಾಂವ್’ ನೋಡಿ ಸ್ವಾಮಿ. ಮಹಾರಾಷ್ಟ್ರದ ಮಾಲೆಗಾಂವ್‌ನ ಜನ ಕೈಯಲ್ಲಿ ಕಾಸಿಲ್ಲದೆ ತಮ್ಮದೇ ಸೂಪರ್‌ಮ್ಯಾನ್ ಸಿನಿಮಾ ತೆಗೆಯೋದರ ಮೇಲೆ. ಸೈಕಲ್ಲೇ ಟ್ರಾಲಿ, ಎತ್ತಿನ ಗಾಡಿಯೇ ಕ್ರೇನು. ಹಾರೋ ಸೂಪರ್‌ಮ್ಯಾನ್ ಮಾತ್ರ ಕಡ್ಡಿ ಪೈಲ್ವಾನ್. ಶೂಟಿಂಗ್ ನಡುವೆ ಇದ್ದ ಒಂದೇ ಕ್ಯಾಮೆರಾ ನೀರಿಗೆ ಬೀಳುತ್ತೆ. ಅದೂ ತೆರೆಮರೆನೇ. ಯಾರ ಪಿಆರ್ ತಂಡವೂ ಅಲ್ಲಿರಲಿಲ್ಲ.

ಬಿಳಿಕೋಟು
ಈ ಕಡೆ ನಿಂತು ಮಾತಾಡೋರೇ ಎಲ್ಲ, ಕ್ಯಾಮೆರಾದ ಆ ಕಡೆ ಇದ್ದೋಳು ನಾನೊಬ್ಬಳೇ ಅನ್ಸುತ್ತೆ. ಕೆಲವು ವರ್ಷದ ಹಿಂದೆ ನಾನು ಕೆಲಸ ಮಾಡೋ ಆಸ್ಪತ್ರೆಯ ಮೇಲೆ ಒಂದು ಡಾಕ್ಯುಮೆಂಟರಿ ಆಯ್ತು. ಇಬ್ಬರೇ ಬಂದಿದ್ದು, ಆರು ವಾರ ಇದ್ದರು. ಮೊದಲ ದಿನ ಎಲ್ಲರೂ ತಲೆ ಬಾಚಿಕೊಂಡು ಬಂದಿದ್ದೆವು. ಮೂರನೇ ವಾರದ ಹೊತ್ತಿಗೆ ‘ಸ್ವಲ್ಪ ಸರಿಯಪ್ಪ’ ಅಂತ ಕ್ಯಾಮೆರಾದವನ ಭುಜ ಹಿಡಿದು ಪಕ್ಕಕ್ಕೆ ಸರಿಸಿ ಡ್ರಿಪ್ ಬದಲಾಯಿಸ್ತಿದ್ದೆ.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದು ನೈಟ್ ಡ್ಯೂಟಿಯಲ್ಲಿ, ನಿಂತುಕೊಂಡು, ಎರಡು ಫೈಲುಗಳ ನಡುವೆ. ಮೇಲಿನವರು ಹೂಂ ಅಂದಿದ್ದಾರೆ ಅಂದಮೇಲೆ ನಮ್ಮದೇನು ಅಂತ.

ಚಿತ್ರದಲ್ಲಿ ಒಂದು ದೃಶ್ಯ. ಹೆಂಗಸೊಬ್ಬರು ಕಾರಿಡಾರಿನಲ್ಲಿ ಅಳ್ತಿದ್ದಾರೆ. ಕಟ್ ಮಾಡಿದ್ರೆ ನಾನು ಮೇಜಿನ ಹಿಂದೆ ಕೂತು ಆಕಳಿಸ್ತಿದ್ದೀನಿ. ಆಕಳಿಕೆ ನನ್ನದೇ, ಸುಳ್ಳಲ್ಲ. ಆದ್ರೆ ಅದು ಇನ್ನೊಂದು ದಿನದ ಬೆಳಗಿನ ಜಾವ ನಾಲ್ಕು ಗಂಟೆಯದು. ನನ್ನ ಹಿಂದಿನ ಗೋಡೆ ಗಡಿಯಾರವನ್ನು ಫ್ರೇಮಿನಿಂದ ಹೊರಗೆ ಹಾಕಿದ್ದಾರೆ. ಆ ಹೆಂಗಸು ಅತ್ತ ಮಧ್ಯಾಹ್ನ ನಾನು ಡ್ಯೂಟಿಯಲ್ಲೇ ಇರಲಿಲ್ಲ.

ಚಿತ್ರಕ್ಕೆ ಒಳ್ಳೆ ಹೆಸರು ಬಂತು. ‘ವ್ಯವಸ್ಥೆಯ ನಿರ್ಲಿಪ್ತತೆ’ ಅಂತ ಬರೆದರು. ಆ ನಿರ್ಲಿಪ್ತತೆ ನಾನು.

ಕತ್ತರಿಕೈ
ಎರಡು ದಿನದಿಂದ ಇದನ್ನು ಓದಿ ಮುಚ್ಚಿಡ್ತಿದ್ದೀನಿ. ಇದಕ್ಕೆ ನಮ್ಮಲ್ಲಿ ರಿಯಾಕ್ಷನ್ ಕಟ್ ಅಂತಾರೆ. ನಾನೂ ಮಾಡಿದೀನಿ, ಎಷ್ಟು ಸಲ ಅಂತ ಲೆಕ್ಕ ಇಟ್ಟಿಲ್ಲ. ಬಿನ್‌ನಲ್ಲಿ (ಶಾಟುಗಳನ್ನು ಜೋಡಿಸಿಡೋ ಫೋಲ್ಡರ್) ‘ಆಕಳಿಕೆ’, ‘ಗಡಿಯಾರ ನೋಡ್ತಾಳೆ’, ‘ಕಿಟಕಿ’ ಅಂತ ಹೆಸರು ಕೊಟ್ಟು ಇಟ್ಕೊಂಡಿರ್ತೀವಿ, ಬೇಕಾದ ಕಡೆ ಹಾಕ್ತೀವಿ. ಮೇಲೆ ‘ಮಾತು ಹಿಂದೆ ಮುಂದೆ ಮಾಡದೆ ಆಗಲ್ಲ’ ಅಂದಿದ್ದು ನಾನೇ. ಆಟಗಾರನ ಕಡೆಯವರಿಗೆ 41 ತಿದ್ದುಪಡಿ ಕಳಿಸೋ ಹಕ್ಕಿತ್ತು. ನಿಮಗೆ ಒಂದು ಕಳಿಸೋಕೂ ಇರಲಿಲ್ಲ.

ಹಳೇರೀಲು
ಫ್ರೆಡರಿಕ್ ವೈಸ್‌ಮನ್ ಅವರ ಮೊದಲ ಚಿತ್ರ ‘ಟಿಟಿಕಟ್ ಫಾಲಿಸ್’ (1967) ಇದೇ ಗಂಟಿನ ಮೇಲೆ ಸಿಕ್ಕಿಬಿದ್ದಿದ್ದು. ಮ್ಯಾಸಚೂಸೆಟ್ಸ್‌ನ ಬ್ರಿಜ್‌ವಾಟರ್‌ನಲ್ಲಿ ಮಾನಸಿಕ ರೋಗಿಗಳಾದ ಕೈದಿಗಳನ್ನಿಡೋ ಸಂಸ್ಥೆ. ಒಳಗೆ ಬಿಡೋಕೆ ಮೇಲಧಿಕಾರಿ ಒಪ್ಪಿದರು. ಬಟ್ಟೆಯಿಲ್ಲದೆ ಬರಿ ಕೋಣೆಯಲ್ಲಿ ನಿಂತ ಆ ಮನುಷ್ಯರು ಏನಕ್ಕೆ ಒಪ್ಪೋ ಸ್ಥಿತಿಯಲ್ಲಿದ್ದರು? ಚಿತ್ರ ಹೊರಬಂದಾಗ ಸರ್ಕಾರ ಅವರ ಖಾಸಗಿತನದ ಹೆಸರಲ್ಲೇ ಕೋರ್ಟಿಗೆ ಹೋಗಿ ತಡೆ ತಂತು. 1991ರವರೆಗೆ ಸಾರ್ವಜನಿಕರಿಗೆ ತೋರಿಸೋ ಹಾಗಿರಲಿಲ್ಲ. ಸರ್ಕಾರಕ್ಕೆ ಕೈದಿಗಳ ಮಾನದ ಚಿಂತೆಯೋ, ತನ್ನ ಮಾನದ ಚಿಂತೆಯೋ ಅಂತ ಯಾರು ಬೇಕಾದ್ರೂ ಊಹಿಸಬಹುದು. ಆದ್ರೆ ಪ್ರಶ್ನೆ ಮಾತ್ರ ನಿಜವಾದದ್ದೇ. ಆ ಚಿತ್ರ ಇರಲೇಬೇಕಿತ್ತು ಅಂತಲೂ ನಾನು ಹೇಳ್ತೀನಿ. ಎರಡನ್ನೂ ಒಟ್ಟಿಗೆ ಹೇಳೋಕೆ ಕಷ್ಟ ಆಗುತ್ತೆ, ಹೇಳ್ತೀನಿ.

ಎರಡನೇ_ಲ್ಯಾಪ್
ಆಸ್ಕರ್‌ಗೆ ನಾಮನಿರ್ದೇಶನವಾದ ‘ರೈಟಿಂಗ್ ವಿತ್ ಫೈರ್’ ವಿಷಯದಲ್ಲೂ ಹೀಗೆ ಆಯ್ತಲ್ವಾ. ಚಿತ್ರ ಖಬರ್ ಲಹರಿಯಾ ಪತ್ರಿಕೆಯ ಹೆಣ್ಣುಮಕ್ಕಳ ಮೇಲೆ. 2022ರಲ್ಲಿ ಪ್ರಶಸ್ತಿ ಸಮಾರಂಭದ ಮುಂಚೆ ಪತ್ರಿಕೆಯವರೇ ಹೇಳಿಕೆ ಕೊಟ್ಟರು. ಚಿತ್ರ ಮನಮುಟ್ಟುವಂತಿದೆ, ಆದ್ರೆ ನಾವು ಒಂದೇ ಪಕ್ಷದ ಹಿಂದೆ ಬಿದ್ದ ಹಾಗೆ ತೋರಿಸಿದ್ದು ಸರಿಯಲ್ಲ ಅಂತ. ಅವರ ಕೈಲಿ ಪತ್ರಿಕೆ ಇತ್ತು, ಹೇಳಿದರು. ಬಿಳಿಕೋಟು ಅವರಿಗೆ ಈ ಥ್ರೆಡ್ ಸಿಕ್ತು.

ಮೌನಿ77
@ಬಿಳಿಕೋಟು ನಾನು ಮದುವೆ ವಿಡಿಯೋ ಅಂತ ಎರಡು ಸಲ ಅಂದೆ. ನಿಮ್ಮ ಕಥೆ ಓದಿದ ಮೇಲೆ ಅನಿಸ್ತು, ಮದುವೆ ವಿಡಿಯೋದವನು ಕೊನೇಪಕ್ಷ ಮನೆಯವರಿಗೆ ಕ್ಯಾಸೆಟ್ ಕೊಟ್ಟು ಹೋಗ್ತಾನೆ.

ನಡುರಾತ್ರಿ_ಪ್ರೇಕ್ಷಕ
ಜ್ವರದಲ್ಲಿ ಶುರು ಮಾಡಿದ ಥ್ರೆಡ್ ಎಲ್ಲಿಗೋ ಬಂತು. ಆ ಐದರಲ್ಲಿ ಒಂದನ್ನು ನಿನ್ನೆ ಮತ್ತೆ ಹಾಕಿ ನೋಡಿದೆ, ಗಾಯಕಿಯನ್ನು ಬಿಟ್ಟು ಅವರ ಅಕ್ಕಪಕ್ಕದವರನ್ನು ಮಾತ್ರ. ಕೂದಲು ಬಾಚೋಳು, ನೀರಿನ ಬಾಟಲಿ ಹಿಡಿದೋನು, ಬಾಗಿಲಲ್ಲಿ ನಿಂತೋನು. ಬಾಟಲಿಯವನು ಒಂದು ಸಲ ಸೀದಾ ಕ್ಯಾಮೆರಾ ನೋಡ್ತಾನೆ, ಅರ್ಧ ಸೆಕೆಂಡ್. ಒಂದೂವರೆ ಗಂಟೆಯಲ್ಲಿ ಯಾರೂ ಸಿದ್ಧ ಮಾಡಿ ಕೊಡದೆ ನನಗೆ ಸಿಕ್ಕಿದ್ದು ಅದೊಂದೇ ಅನ್ಸುತ್ತೆ.

ಬಿಳಿಕೋಟು ಅವರೇ, ಇನ್ನೊಂದು ಸಲ ಯಾರಾದ್ರೂ ಬಂದು ಕೇಳಿದ್ರೆ ಸಹಿ ಹಾಕ್ತೀರಾ?

ಬಿಳಿಕೋಟು
ಬಂದಿದ್ರು, ಹೋದ ತಿಂಗಳೇ. ಒಳ್ಳೆ ಹುಡುಗ, ಕೈ ಮುಗಿದು ಮಾತಾಡಿದ. ಈ ಸಲ ಕೂತು ಓದಿದೆ, ನಾಲ್ಕು ಪುಟ. ಕೊನೆಯಲ್ಲಿ ಪೆನ್ನಿಂದ ಒಂದು ಸಾಲು ಸೇರಿಸಿದೆ: ನಾನಿರೋ ದೃಶ್ಯಗಳನ್ನು ಮುಗಿಸೋ ಮುಂಚೆ ಒಂದು ಸಲ ನನಗೆ ತೋರಿಸಬೇಕು, ಅದು ಯಾವ ದಿನ ಯಾವ ಹೊತ್ತಿನದು ಅಂತ ಹೇಳ್ಬೇಕು. ತೆಗೀರಿ ಹಾಕಿ ಅಂತ ಏನೂ ಕೇಳಿಲ್ಲ.

ಓದಿದ. ಒಂದು ಫೋನ್ ಮಾಡಿ ಬರ್ತೀನಿ ಮೇಡಂ ಅಂತ ಕಾರಿಡಾರಿಗೆ ಹೋದ. ಅವತ್ತಿಂದ ಕ್ಯಾಮೆರಾ ಪಕ್ಕದ ವಾರ್ಡಿನಲ್ಲಿದೆ.